ಫೈಲು ತೆರೆಯದಿದ್ದರೆ: ಮೊದಲು ನಕಲು, ಆಮೇಲೆ ಪ್ರಯತ್ನ

(ನಮ್ಮ ಸಂಘದ ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಕಳೆದ ತಿಂಗಳು ಇದೇ ಸಭೆಯಲ್ಲಿ ಪತ್ರೊಡೆ ಮಾಡಿ ತೋರಿಸಿದವರಿಗೆ ಸಿಕ್ಕಷ್ಟು ಚಪ್ಪಾಳೆ ನನಗೆ ಸಿಗುವುದಿಲ್ಲ ಎಂದು ಗೊತ್ತಿದ್ದೇ ಈ ವಿಷಯಕ್ಕೆ ಒಪ್ಪಿಕೊಂಡೆ. ಕಂಪ್ಯೂಟರಿನಲ್ಲಿ ಫೈಲು ತೆರೆಯದಿದ್ದರೆ ಏನು ಮಾಡಬೇಕು, ಇದು ನನ್ನ ವಿಷಯ. ನಾನು ಇಂಜಿನಿಯರ್ ಅಲ್ಲ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಹಾಗಿದ್ದೂ ಈ ವಿಷಯ ಮಾತಾಡುವ ಧೈರ್ಯ ಹೇಗೆ ಬಂತು ಎಂದರೆ, ನಾನು ಇದರಲ್ಲಿ ಒಂದು ದೊಡ್ಡ ತಪ್ಪು ಮಾಡಿದ್ದೇನೆ. ಆ ತಪ್ಪು ನೀವು ಮಾಡಬಾರದು. ಅಷ್ಟಕ್ಕೇ ಇಲ್ಲಿ ನಿಂತಿದ್ದೇನೆ.

ನಮ್ಮ ಅತ್ತೆ ಕುಂದಾಪುರದ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೂ ಅವರ ಬಾಯಲ್ಲಿ ಊರಿನ ಶೋಭಾನೆ ಹಾಡುಗಳು ಹಾಗೆಯೇ ಉಳಿದಿದ್ದವು. ಎಣ್ಣೆ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಆರತಿಗೆ ಒಂದು, ಹೆಣ್ಣು ಒಪ್ಪಿಸುವಾಗ ಕಣ್ಣೀರು ಬರಿಸುವಂಥದ್ದು ಒಂದು. ಪುಸ್ತಕ ಇಲ್ಲ, ಬರೆದಿಟ್ಟದ್ದಿಲ್ಲ. 2004ರಲ್ಲಿ ನಮ್ಮ ಮನೆಗೆ ಕಂಪ್ಯೂಟರ್ ಬಂತು. ನಮ್ಮ ಯಜಮಾನರು 'ಬರಹ' ಹಾಕಿಸಿಕೊಂಡು, ರಾತ್ರಿ ಊಟವಾದ ಮೇಲೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರು ಹಾಡಿದಂತೆ ಟೈಪ್ ಮಾಡುತ್ತ ಹೋದರು. ಮೂವತ್ತೆಂಟು ಹಾಡುಗಳು, ಮೂರು ಫೈಲು. ಅವನ್ನು ಒಂದು ಸಿ.ಡಿ.ಗೆ ಹಾಕಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಅಮ್ಮನ ಹಾಡು' ಎಂದು ಬರೆದು ಕಪಾಟಿನಲ್ಲಿಟ್ಟರು.

ಆಮೇಲೆ 2009ರಲ್ಲಿ ಅತ್ತೆಗೆ ಇನ್ನೂ ಒಂಬತ್ತು ಹಾಡು ನೆನಪಾದವು. ಆಗ ಇವರಿಗೆ ಪುರಸೊತ್ತಿರಲಿಲ್ಲ. ಅತ್ತೆ ಹೇಳಿದ್ದನ್ನು ನಾನು ಕಾಗದದಲ್ಲಿ ಬರೆದುಕೊಂಡು ಡಿ.ಟಿ.ಪಿ. ಅಂಗಡಿಯೊಂದಕ್ಕೆ ಕೊಟ್ಟೆ. ಅವರು 'ನುಡಿ' ಅಕ್ಷರದಲ್ಲಿ ವರ್ಡ್ ಫೈಲು ಮಾಡಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟರು. ಫೈಲು ಬಂತಲ್ಲ ಎಂದು ಕಾಗದವನ್ನು ಮನೆ ಬದಲಿಸುವಾಗ ರದ್ದಿಗೆ ಹಾಕಿದೆ. 2012ರಲ್ಲಿ ಅತ್ತೆ ತೀರಿಕೊಂಡರು.

ಹತ್ತು ವರ್ಷ ಕಳೆದು ಮಗಳ ಮದುವೆ ಗೊತ್ತಾಯಿತು. 'ಅಮ್ಮಾ, ಅಜ್ಜಿಯ ಹಾಡು ಹಾಡಿಸಬೇಕು' ಎಂದಳು. ಪೆನ್‌ಡ್ರೈವ್ ಕೈಗೆ ಸಿಕ್ಕಿತು. ಹೊಸ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಫೈಲಿನ ಮೇಲೆ ಎರಡು ಸಲ ಒತ್ತಿದೆ. ಅದರಲ್ಲಿ ಆಗಿನ್ನೂ ವರ್ಡ್ ಇರಲಿಲ್ಲ. ಯಾವ ಪ್ರೋಗ್ರಾಮಿನಲ್ಲಿ ತೆರೆಯಲಿ ಎಂದು ಕಂಪ್ಯೂಟರ್ ಕೇಳಿತು. ಪಟ್ಟಿಯಲ್ಲಿ ನೋಟ್‌ಪ್ಯಾಡ್ ಕಂಡಿತು, ಅದನ್ನೇ ಒತ್ತಿದೆ. ತೆರೆಯಿತು. ಆದರೆ ಪರದೆ ತುಂಬ ಚೌಕ, ಪ್ರಶ್ನೆ ಚಿಹ್ನೆ, ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಕನ್ನಡದ ಒಂದಕ್ಷರವೂ ಇಲ್ಲ.

ಮೇಲೆ ಏನೋ ಕಸ ಸೇರಿಕೊಂಡಿದೆ, ಕೆಳಗೆ ಹಾಡು ಇರಬೇಕು ಎಂದುಕೊಂಡೆ. ಅಂಗಳ ಗುಡಿಸಿದ ಹಾಗೆ ಮೇಲಿನಿಂದ ಅಳಿಸುತ್ತ ಬಂದೆ. ಒಂದು ಪುಟ, ಎರಡು ಪುಟ, ಐದು ಪುಟ. ಕೊನೆಯವರೆಗೂ ಹಾಡು ಬರಲಿಲ್ಲ. ಬೇಸರವಾಗಿ ಮುಚ್ಚಲು ಹೋದೆ. 'ಬದಲಾವಣೆಗಳನ್ನು ಉಳಿಸಲೇ?' ಎಂದು ಕೇಳಿತು. ಬ್ಯಾಂಕಿನವಳ ಅಭ್ಯಾಸ, ಯಾವುದನ್ನೂ ಉಳಿಸದೆ ಎದ್ದವಳಲ್ಲ. ಸೇವ್ ಒತ್ತಿದೆ.

ಗೆಳತಿಯರೇ, ನಾನು ಕಸವೆಂದು ಅಳಿಸಿದ್ದರಲ್ಲೇ ಹಾಡು ಇತ್ತು. ಗೆರೆ ಚುಕ್ಕೆ ಹೊತ್ತ ಆ ಇಂಗ್ಲಿಷ್ ಅಕ್ಷರಗಳೇ ಅತ್ತೆಯ ಒಂಬತ್ತು ಹಾಡುಗಳು. ಅದು ನನಗೆ ತಿಳಿದದ್ದು ಮರುವಾರ. ಪೆನ್‌ಡ್ರೈವನ್ನು ರಿಪೇರಿ ಅಂಗಡಿಯವರು ಎರಡು ದಿನ ಇಟ್ಟುಕೊಂಡು ಕೈಚೆಲ್ಲಿದರು.

ಏನಾಗಿತ್ತು ಎಂದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ನಿಮಗೆ ಅರ್ಧ ಗಂಟೆಯಲ್ಲಿ ಹೇಳಲು ನೋಡುತ್ತೇನೆ.

ನಮ್ಮ ಅಡುಗೆಮನೆಯನ್ನೇ ನೆನಪಿಸಿಕೊಳ್ಳಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಹಾರ್ಲಿಕ್ಸ್ ಇರುವುದು ಮೊದಲ ತಿಂಗಳು ಮಾತ್ರ. ಆಮೇಲೆ ಅದರಲ್ಲಿ ಉದ್ದಿನಬೇಳೆ, ಮತ್ತೊಂದರಲ್ಲಿ ಹುಣಸೆಹಣ್ಣು. ನಮಗೆ ಗೊತ್ತು, ಹೊಸದಾಗಿ ಬಂದ ಸೊಸೆಗೆ ಗೊತ್ತಿಲ್ಲ. ಕಂಪ್ಯೂಟರ್ ಈ ಹೊಸ ಸೊಸೆಯಂತೆ, ಮೇಲಿನ ಚೀಟಿ ನೋಡಿ ನಡೆಯುತ್ತದೆ. ಫೈಲಿನ ಹೆಸರಿನ ಕೊನೆಗೆ ಒಂದು ಚುಕ್ಕೆ, ಅದರ ನಂತರ ಮೂರೋ ನಾಲ್ಕೋ ಅಕ್ಷರ ಇರುತ್ತದಲ್ಲ, ಡಾಟ್ ಪಿಡಿಎಫ್, ಡಾಟ್ ಜೆಪಿಜಿ, ಡಾಟ್ ಡಿಒಸಿ ಎಂದು, ಅದೇ ಆ ಚೀಟಿ. ಅದಕ್ಕೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಯಾವ ಚೀಟಿಗೆ ಯಾವ ಪ್ರೋಗ್ರಾಮು ಎಂದು ಕಂಪ್ಯೂಟರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಫೈಲು ಸರಿಯಾಗಿ ತೆರೆಯದಿದ್ದರೆ ಹೆಚ್ಚಿನ ಸಲ ಮೂರರಲ್ಲಿ ಒಂದು ಆಗಿರುತ್ತದೆ. ಪಟ್ಟಿ ತಪ್ಪಿರುತ್ತದೆ, ಇಲ್ಲವೇ ಚೀಟಿ ತಪ್ಪಿರುತ್ತದೆ, ಇಲ್ಲವೇ ಪಟ್ಟಿ, ಚೀಟಿ ಎರಡೂ ಸರಿ ಇದ್ದು ಒಳಗಿನ ಅಕ್ಷರ ಓದಲು ಬಾರದಂತಿರುತ್ತದೆ. ಈ ಮೂರರಲ್ಲೂ ಫೈಲು ಕೆಟ್ಟಿರುವುದಿಲ್ಲ. ಕೆಡಿಸುವವರು ನಾವೇ, ಗಾಬರಿಯಲ್ಲಿ.

ಮೊದಲನೆಯದು ಸುಲಭ, ಪಟ್ಟಿ ತಪ್ಪಿರುವುದು. ಹೊಸದಾಗಿ ಏನೋ ಒಂದು ಪ್ರೋಗ್ರಾಮು ಹಾಕುತ್ತೀರಿ, ಅಂದಿನಿಂದ ಪಿಡಿಎಫ್ ಎಲ್ಲ ಅದರಲ್ಲೇ ತೆರೆಯತೊಡಗುತ್ತದೆ. ಆಗ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ. 'ಓಪನ್ ವಿತ್' ಎಂದು ಬರುತ್ತದೆ. ಅದರಲ್ಲಿ 'ಚೂಸ್ ಅನದರ್ ಆ್ಯಪ್' ಆರಿಸಿ, ಬೇಕಾದ ಪ್ರೋಗ್ರಾಮು ಒತ್ತಿ. ಇದೊಂದು ಸಲಕ್ಕೆ ಮಾತ್ರವೋ, ಯಾವಾಗಲೂವೋ ಎಂದು ಕೇಳುತ್ತದೆ. ಮೊದಲು ಒಂದು ಸಲಕ್ಕೆ ಮಾತ್ರ ಕೊಡಿ. ಸರಿಯಾಗಿ ತೆರೆದರೆ ಮುಂದಿನ ಸಲ 'ಆಲ್ವೇಸ್' ಕೊಡಿ. ಹೆಣ್ಣು ನೋಡಿದ ದಿನವೇ ತಾಳಿ ಕಟ್ಟಿಸುವುದು ಬೇಡ.

ಮೊಬೈಲಿನಲ್ಲೂ ಇದೇ ಕಥೆ. ಅವಸರದಲ್ಲಿ 'ಆಲ್ವೇಸ್' ಒತ್ತಿಬಿಟ್ಟಿರುತ್ತೇವೆ, ಆಮೇಲೆ ಮದುವೆ ಕಾಗದ ತೆರೆದರೂ ಲೆಕ್ಕದ ಆ್ಯಪ್ ಎದ್ದು ಬರುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ಹಾಗೆ ಎದ್ದು ಬರುವ ಆ್ಯಪ್ ಒತ್ತಿ, 'ಓಪನ್ ಬೈ ಡಿಫಾಲ್ಟ್' ಎಂಬಲ್ಲಿ 'ಕ್ಲಿಯರ್' ಕೊಟ್ಟರೆ ಅದು ಹಿಡಿದುಕೊಂಡ ಹಕ್ಕು ಬಿಡುತ್ತದೆ. ಮುಂದಿನ ಸಲ ಫೋನ್ ಮತ್ತೆ ನಿಮ್ಮನ್ನೇ ಕೇಳುತ್ತದೆ.

ಎರಡನೆಯದು ಚೀಟಿ ತಪ್ಪಿರುವುದು. ಇಲ್ಲಿ ಒಂದು ತೊಡಕಿದೆ. ವಿಂಡೋಸ್ ಸಾಮಾನ್ಯವಾಗಿ ಈ ಚೀಟಿಯನ್ನು ನಮಗೆ ತೋರಿಸುವುದೇ ಇಲ್ಲ, ಮುಚ್ಚಿಟ್ಟಿರುತ್ತದೆ. ಆದ್ದರಿಂದ ಇವತ್ತು ಮನೆಗೆ ಹೋದ ಕೂಡಲೇ ಮಾಡಬೇಕಾದ ಕೆಲಸ ಇದು: ಯಾವುದಾದರೂ ಫೋಲ್ಡರ್ ತೆರೆದು, ಮೇಲೆ 'ವ್ಯೂ' ಒತ್ತಿ, 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಎಂಬುದಕ್ಕೆ ಟಿಕ್ ಹಾಕಿ. ವಿಂಡೋಸ್ 11 ಆದರೆ 'ವ್ಯೂ' ಒಳಗೆ 'ಶೋ' ಎಂದಿರುತ್ತದೆ, ಅದರೊಳಗೆ ಸಿಗುತ್ತದೆ. ಅಂದಿನಿಂದ ಎಲ್ಲ ಡಬ್ಬಿಗಳ ಚೀಟಿ ಕಣ್ಣಿಗೆ ಬೀಳುತ್ತದೆ.

ಚೀಟಿ ಬದಲಿಸಿದರೆ ಒಳಗಿರುವುದು ಬದಲಾಗುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಈ ಸಲದ ಸಂಚಿಕೆಗೆ ಒಬ್ಬರು ಲೇಖನ ಕಳಿಸಿದ್ದರು. ಪಿಡಿಎಫ್ ಬೇಕು ಎಂದಿದ್ದಕ್ಕೆ ವರ್ಡ್ ಫೈಲಿನ ಹೆಸರಿನ ಕೊನೆಗೆ ಪಿಡಿಎಫ್ ಎಂದು ಬರೆದು ಕಳಿಸಿದರು. ನಮ್ಮಲ್ಲಿ ತೆರೆಯಲೇ ಇಲ್ಲ. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಬರೆದರೆ ಪಾಯಸ ಸಿಹಿಯಾಗುತ್ತದೆಯೇ? ಪಿಡಿಎಫ್ ಬೇಕಿದ್ದರೆ ವರ್ಡಿನೊಳಗಿಂದಲೇ 'ಸೇವ್ ಆ್ಯಸ್' ಕೊಟ್ಟು ಪಿಡಿಎಫ್ ಆರಿಸಬೇಕು.

ಚೀಟಿ ಬಿದ್ದುಹೋದ ಡಬ್ಬಿಯಲ್ಲಿ ಏನಿದೆ ಎಂದು ನಾವು ಮೂಸಿ ನೋಡುತ್ತೇವೆ. ಫೈಲಿಗೂ ಒಂದು ವಾಸನೆ ಇದೆ. ಅದರ ನಕಲೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೊಟ್ಟಮೊದಲ ಅಕ್ಷರಗಳನ್ನು ಮಾತ್ರ ನೋಡಿ. ಶೇಕಡಾ ಗುರುತು, ಅದರ ಪಕ್ಕದಲ್ಲೇ ಪಿಡಿಎಫ್ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಪಿಡಿಎಫ್. ಪಿ ಮತ್ತು ಕೆ ಎಂಬ ಎರಡಕ್ಷರ ಇದ್ದರೆ ಅದು ಜಿಪ್ ಗಂಟು. ಹೊಸ ವರ್ಡ್, ಎಕ್ಸೆಲ್ ಫೈಲುಗಳೂ ಒಳಗಿಂದ ಜಿಪ್ ಗಂಟುಗಳೇ, ಅವುಗಳ ತಲೆಯಲ್ಲೂ ಪಿಕೆ ಇರುತ್ತದೆ. ಜಿಪ್ ಕಟ್ಟಿಕೊಟ್ಟ ಫಿಲ್ ಕ್ಯಾಟ್ಜ್ ಎಂಬಾತನ ಹೆಸರಿನ ಮೊದಲಕ್ಷರಗಳು ಅವು. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ಮೂಸಿ ನೋಡಬೇಕೇ ಹೊರತು ಕೈ ಅದ್ದಬಾರದು.

ಕೆಲವು ಸಲ ಚೀಟಿ ಸರಿಯೇ ಇರುತ್ತದೆ, ನಮ್ಮ ಹಳೆಯ ಕಂಪ್ಯೂಟರಿಗೆ ಅದರ ಪರಿಚಯ ಇರುವುದಿಲ್ಲ. ವರ್ಡ್ 2007ರಿಂದ ಫೈಲಿನ ಬಗೆ ಬದಲಾಯಿತು, ಡಾಟ್ ಡಿಒಸಿ ಹೋಗಿ ಕೊನೆಗೊಂದು ಎಕ್ಸ್ ಸೇರಿತು. ಲಿಬ್ರೆ ಆಫೀಸ್ ಎಂಬ ಉಚಿತ ಪ್ರೋಗ್ರಾಮು ಹಳೆಯದು, ಹೊಸದು ಎರಡನ್ನೂ ತೆರೆಯುತ್ತದೆ. ಮೊಮ್ಮಗನ ಐಫೋನಿನಿಂದ ಬಂದ ಫೋಟೋ ತೆರೆಯುವುದಿಲ್ಲ ಎಂದು ಕಳೆದ ಸಲ ಇಬ್ಬರು ಕೇಳಿದಿರಿ. 2017ರಿಂದ ಐಫೋನ್ ಜಾಗ ಉಳಿಸಲು ಎಚ್‌ಇಐಸಿ ಎಂಬ ಬೇರೆ ಬಗೆಯಲ್ಲಿ ಫೋಟೋ ಇಡುತ್ತದೆ. ಅವನ ಫೋನಿನ ಸೆಟ್ಟಿಂಗ್ಸಿನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅದರಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಕೊಡಲು ಹೇಳಿ. ಮುಂದೆ ತೆಗೆಯುವ ಫೋಟೋಗಳೆಲ್ಲ ನಮ್ಮ ಹಳೆಯ ಜೆಪಿಜಿಯಲ್ಲೇ ಬರುತ್ತವೆ.

ಇನ್ನು ಮೂರನೆಯದು, ನಮ್ಮ ಕನ್ನಡದ ತೊಂದರೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಂಥವರ ಮನೆಯ ಹಳೆಯ ಫೈಲುಗಳೆಲ್ಲ ಸಿಕ್ಕಿಕೊಂಡಿರುವುದು ಇಲ್ಲಿ.

ಆ ಕಾಲದ ಅಕ್ಷರಗಳ ಕೋಷ್ಟಕದಲ್ಲಿ ಇದ್ದದ್ದು 256 ಮನೆ. ಅದರಲ್ಲಿ ಅರ್ಧವನ್ನು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು ಆಗಲೇ ಹಿಡಿದುಕೊಂಡಿದ್ದವು. ಉಳಿದರ್ಧದಲ್ಲಿ ಯುರೋಪಿನ ಗೆರೆ ಚುಕ್ಕೆಯ ಅಕ್ಷರಗಳು. ಕನ್ನಡಕ್ಕೆ ಜಾಗವೇ ಇರಲಿಲ್ಲ. ಆಗ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷಿನವರ ಮನೆಯಲ್ಲೇ ಕನ್ನಡವನ್ನು ಬಾಡಿಗೆಗೆ ಇರಿಸಿದರು. ಪಿ ಇರುವ ಮನೆಯಲ್ಲಿ ತಲೆಕಟ್ಟಿಲ್ಲದ ಕ, ಓರೆಗೆರೆ ಹೊತ್ತ ಎ ಇರುವ ಮನೆಯಲ್ಲಿ ತಲೆಕಟ್ಟು, ಹೀಗೆ. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ. ಮೇಲೆ ಹಾಕಿದ ಫಾಂಟ್ ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತದೆ. ನುಡಿಯಲ್ಲಿ ಹೀಗೆ ಬರೆದ 'ಕನ್ನಡ' ಎಂಬ ಪದದ ಫಾಂಟ್ ತೆಗೆದುಬಿಟ್ಟರೆ ಏನು ಕಾಣುತ್ತದೆ ಗೊತ್ತೇ? ಒಂದು ಪಿ, ಓರೆಗೆರೆಯ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಓರೆಗೆರೆಯ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಮತ್ತೆ ಓರೆಗೆರೆಯ ಎ. ಯಕ್ಷಗಾನದ ವೇಷ ಕಳಚಿದ ಮೇಲೆ ಚೌಕಿಯಲ್ಲಿ ಕೂತವನನ್ನು ಕರ್ಣ ಎಂದು ಯಾರು ಗುರುತಿಸುತ್ತಾರೆ? ಹಾಗೆಂದು ಅವನು ಹಾಡಿನ ಪದ್ಯ ಮರೆತಿರುವುದಿಲ್ಲ. ವೇಷ ಹಾಕಿದರೆ ಮತ್ತೆ ಕರ್ಣನೇ.

ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಅಚ್ಚಿನ ಮನೆಗಳಲ್ಲಿ ಪುಣೆಯ ಕಂಪನಿಯ 'ಶ್ರೀಲಿಪಿ', ಬೆಂಗಳೂರಿನ 'ಆಕೃತಿ' ಓಡುತ್ತಿದ್ದವು. ಇವೆಲ್ಲ ನಮಗೆ ಮಾಡಿದ ಉಪಕಾರ ಸಣ್ಣದಲ್ಲ, ಇವಿಲ್ಲದಿದ್ದರೆ ಅತ್ತೆಯ ಹಾಡು ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ. ಆದರೆ ಬಾಡಿಗೆಯ ವ್ಯವಸ್ಥೆ ಎಲ್ಲರದ್ದೂ ಒಂದೇ ಅಲ್ಲ. ಹಳೆಯ ನುಡಿ ಮತ್ತು ಬರಹದ ಅಕ್ಷರಗಳು ಬಹುಮಟ್ಟಿಗೆ ಒಂದೇ ಮನೆಗಳಲ್ಲಿವೆ, ಶ್ರೀಲಿಪಿಯದ್ದು ಬೇರೆ. ಒಬ್ಬರ ಬೀಗದ ಕೈ ಇನ್ನೊಬ್ಬರ ಬಾಗಿಲಿಗೆ ಆಗುವುದಿಲ್ಲ.

ಈಗ ಕನ್ನಡಕ್ಕೆ ಸ್ವಂತ ಮನೆ ಇದೆ. ಅದರ ಹೆಸರು ಯುನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ, ಕನ್ನಡದ 'ಕ' ಅಕ್ಷರಕ್ಕೆ 3221. ಆ ಸಂಖ್ಯೆ ಮುಂಬಯಿಯಲ್ಲೂ ಅದೇ, ಅಮೆರಿಕದಲ್ಲೂ ಅದೇ, ಮೊಬೈಲಿನಲ್ಲೂ ಅದೇ. ವಾಟ್ಸಾಪಿನಲ್ಲಿ ನಾವು ದಿನಾ ಬರೆಯುವ ಕನ್ನಡ ಇದೇ. ಹಳೆಯ ಫೈಲುಗಳನ್ನು ಬಾಡಿಗೆ ಮನೆಯಿಂದ ಈ ಸ್ವಂತ ಮನೆಗೆ ಸಾಗಿಸುವುದೇ ನಾವು ಮಾಡಬೇಕಾದ ಕೆಲಸ.

ಹೇಗೆ? ನಾನು ಸಿ.ಡಿ.ಯ ಮೂರು ಫೈಲಿಗೆ ಮಾಡಿದ್ದನ್ನು ಹೇಳುತ್ತೇನೆ. ಪೆನ್‌ಡ್ರೈವಿನ ಪಾಠ ಕಲಿತ ಮೇಲೆ ನನಗೆ ಸಿ.ಡಿ. ಮುಟ್ಟಲೂ ಕೈ ನಡುಗುತ್ತಿತ್ತು. ಅದೃಷ್ಟ ಏನೆಂದರೆ, ಒಮ್ಮೆ ಬರೆದು ಮುಗಿಸಿದ ಅಂಥ ಸಿ.ಡಿ.ಯಲ್ಲಿ ನಾವು ಏನನ್ನೂ ಅಳಿಸಿ ಸೇವ್ ಮಾಡಲು ಬರುವುದಿಲ್ಲ. ಹೊಸ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಕಿಂಡಿಯೇ ಇಲ್ಲ. ಹೊರಗಿನಿಂದ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವನ್ನು ಪಕ್ಕದ ಮನೆಯ ಹುಡುಗನಿಂದ ಕೇಳಿ ತಂದೆ. ಮೊದಲ ಕೆಲಸ, ಮೂರೂ ಫೈಲುಗಳ ಎರಡೆರಡು ನಕಲು ಮಾಡಿ ಬೇರೆ ಬೇರೆ ಜಾಗದಲ್ಲಿ ಇಟ್ಟೆ. ಆಮೇಲೆ ಒಂದು ನಕಲಿನ ಮೇಲೆ ಮಾತ್ರ ಪ್ರಯತ್ನ. ಚೀಟಿಯಲ್ಲಿ ಡಾಟ್ ಬಿಆರ್‌ಎಚ್ ಎಂದಿತ್ತು, ಅಂದರೆ ಅದು ಬರಹದ ಫೈಲು. ಬರಹ ಹಾಕಿಸಿಕೊಂಡೆ. ತೆರೆಯಿತು. ಹದಿನೆಂಟು ವರ್ಷದ ಮೇಲೆ ಮೊದಲ ಹಾಡಿನ ಮೊದಲ ಸಾಲು ಕಣ್ಣಿಗೆ ಬಿತ್ತು. ನಾನು ಓದಲಿಲ್ಲ, ನನಗೆ ಅತ್ತೆಯ ದನಿಯಲ್ಲೇ ಕೇಳಿಸಿತು.

ನಿಮ್ಮದು ವರ್ಡ್ ಫೈಲಾಗಿದ್ದರೆ ವರ್ಡಿನಲ್ಲೇ ತೆರೆಯಿರಿ. ಗೆರೆ ಚುಕ್ಕೆಯ ಅಕ್ಷರ ಕಂಡರೆ ಹೆದರಬೇಡಿ. ಅದರ ಒಂದು ಸಾಲನ್ನು ಆರಿಸಿ, ಮೇಲೆ ಫಾಂಟಿನ ಹೆಸರು ತೋರಿಸುವ ಚೌಕವನ್ನು ನೋಡಿ. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಹೆಸರು ಅಲ್ಲಿ ಇರುತ್ತದೆ. ನುಡಿ ಎಂದೋ, ಬಿಆರ್‌ಎಚ್ ಕನ್ನಡ ಎಂದೋ, ಶ್ರೀ ಎಂದು ಶುರುವಾಗುವ ಹೆಸರೋ ಇರುತ್ತದೆ. ಆ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಿ, ಅದೇ ಬೀಗದ ಕೈ. ಆ ಫಾಂಟ್ ಹಾಕಿಕೊಂಡರೆ ಸಾಕು, ಅಕ್ಷರ ಮತ್ತೆ ಕನ್ನಡವಾಗುತ್ತದೆ. ಓದಲು, ಮುದ್ರಿಸಲು ಅಷ್ಟು ಸಾಕು. ವಾಟ್ಸಾಪಿಗೆ ಹಾಕಲು, ಹುಡುಕಲು, ಮೊಬೈಲಿನಲ್ಲಿ ಓದಲು ಅದು ಸಾಲದು. ಅದಕ್ಕೆ ಯುನಿಕೋಡಿಗೆ ಪರಿವರ್ತಿಸಬೇಕು. ಬರಹದ ಜೊತೆಗೆ ಪರಿವರ್ತಕ ಬರುತ್ತದೆ. ಇಂಟರ್ನೆಟ್ಟಿನಲ್ಲಿ ಉಚಿತ ಪರಿವರ್ತಕಗಳೂ ಇವೆ, ಹಳೆಯ ಅಕ್ಷರವನ್ನು ಒಂದು ಚೌಕದಲ್ಲಿ ಅಂಟಿಸಿದರೆ ಇನ್ನೊಂದರಲ್ಲಿ ಯುನಿಕೋಡ್ ಬರುತ್ತದೆ. ಹಾಡು, ಅಡುಗೆ, ಲೇಖನ ಇದ್ದರೆ ಅಲ್ಲಿ ಅಂಟಿಸಿ. ಉಯಿಲು, ಮನೆಪತ್ರ, ಬ್ಯಾಂಕಿನ ಕಾಗದ ಗೊತ್ತಿಲ್ಲದ ಜಾಲತಾಣದಲ್ಲಿ ಅಂಟಿಸಬೇಡಿ.

ಪರಿವರ್ತಕ ಅಕ್ಷರ ಸಾಗಿಸುತ್ತದೆ, ಅರ್ಥ ಅದಕ್ಕೆ ತಿಳಿಯದು. ಮುಖ್ಯವಾಗಿ ಅರ್ಕಾವತ್ತಿನಲ್ಲಿ ಎಡವುತ್ತದೆ. ಬಾಯಲ್ಲಿ ಮೊದಲು ಬರುವ ಆ ರಕಾರವನ್ನು ಹಳೆಯ ಅಕ್ಷರದಲ್ಲಿ ಕೊನೆಗೆ ಬರೆಯುತ್ತಿದ್ದರಲ್ಲ, ಅದನ್ನು ಹಿಂದಕ್ಕೆ ಸರಿಸಿ ಕೂರಿಸಬೇಕು. ಕೆಲವು ಕಡೆ ಸರಿಸುವುದಿಲ್ಲ. ನಮ್ಮ ಹಾಡುಗಳಲ್ಲಿ ಪಾರ್ವತಿ ಎಲ್ಲ ಪಾವರ್ತಿಯಾಗಿದ್ದಳು, ಸೂರ್ಯ ಸೂಯರ್ ಆಗಿದ್ದ. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡವೆಂದು ತಿಳಿದು ಏನೇನೋ ಮಾಡಿಬಿಡುತ್ತದೆ. ಆದ್ದರಿಂದ ಪರಿವರ್ತಿಸಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಲೇಬೇಕು. ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ.

ಪಾರ್ವತಿ, ಸೂರ್ಯರನ್ನು ನಾನೇ ಸರಿಮಾಡಿದೆ. ಆದರೆ ಊರ ಕಡೆಯ ಕೆಲವು ಮಾತು ನನಗೂ ಗೊತ್ತಿರಲಿಲ್ಲ. ಅದು ಪರಿವರ್ತಕದ ತಪ್ಪೋ, ಅತ್ತೆ ಹಾಗೆಯೇ ಹಾಡುತ್ತಿದ್ದರೋ ಹೇಳುವವರು ಯಾರು? ಅತ್ತೆಯ ತಂಗಿ, ನಾವು ಚಿಕ್ಕತ್ತೆ ಎನ್ನುತ್ತೇವೆ, ಊರಿನಲ್ಲಿದ್ದಾರೆ. ಎಂಬತ್ತು ದಾಟಿದವರು. ಹನ್ನೊಂದು ಸಂಜೆ ಫೋನಿನಲ್ಲಿ ನಾನು ಓದುವುದು, ಅವರು ಹಾಡುವುದು. 'ಅದಲ್ಲ ಮಗಾ, ಹೀಗೆ' ಎಂದು ತಿದ್ದುವರು. ಮೂವತ್ತೆಂಟೂ ಸರಿಯಾದವು. ಕೊನೆಯ ದಿನ ನಾನು ಅಳಿಸಿದ ಒಂಬತ್ತರ ವಿಷಯ ಹೇಳಿದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ಹಾಡು ಪೂರ್ತಿ ಹಾಡಿದರು. ಮೂರನೆಯದು ಅರ್ಧಕ್ಕೆ ನಿಂತಿತು. 'ಮುಂದಿನದು ಅಕ್ಕನಿಗೇ ಗೊತ್ತಿದ್ದದ್ದು' ಎಂದರು. ಉಳಿದ ಆರರ ಮೊದಲ ಸಾಲೂ ಅವರಿಗೆ ಬರಲಿಲ್ಲ, ನನಗೂ ಬರಲಿಲ್ಲ.

ನಾನು ಇವತ್ತು ನಿಮಗೆ ಹೇಳಬೇಕೆಂದಿದ್ದದ್ದು ಇದೇ. ತೆರೆಯದ ಫೈಲು ಸತ್ತ ಫೈಲಲ್ಲ, ಹತ್ತು ವರ್ಷ ಬಿಟ್ಟು ತೆರೆಯಲೂಬಹುದು. ಆದರೆ ಅದರಲ್ಲಿರುವುದು ಸರಿಯೇ ತಪ್ಪೇ ಎಂದು ಹೇಳಬಲ್ಲವರು ಹತ್ತು ವರ್ಷ ನಮಗಾಗಿ ಕಾದಿರುವುದಿಲ್ಲ. ಸಿ.ಡಿ.ಯೂ ಕಾದಿರುವುದಿಲ್ಲ, ಮನೆಯಲ್ಲಿ ಬರೆದ ಸಿ.ಡಿ.ಗಳು ಇಟ್ಟಲ್ಲೇ ಕೆಡುತ್ತವೆ.

ನಮ್ಮ ಸಂಘದ ಹಳೆಯ ಸಂಚಿಕೆಗಳಿಗೂ ಇದೇ ಮಾತು. ಅವು ಪಿಡಿಎಫ್ ಆಗಿವೆ, ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಆದರೆ ಒಳಗಿನದು ಬಾಡಿಗೆ ಮನೆಯ ಕನ್ನಡ. ನಿಮ್ಮ ತಾಯಿಯ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ, ಅವರ ಕವಿತೆ ಅದೇ ಪುಟದಲ್ಲಿದ್ದರೂ. ಇನ್ನೂ ಹಳೆಯವು ಪೇಜ್‌ಮೇಕರಿನಲ್ಲಿವೆ. ಆ ಪ್ರೋಗ್ರಾಮಿನ ಕೊನೆಯ ಆವೃತ್ತಿ, 7.0, ಬಂದದ್ದು 2001ರಲ್ಲಿ. ಲಿಬ್ರೆ ಆಫೀಸಿನ 'ಡ್ರಾ' ಅಂಥ ಕೆಲವು ಫೈಲುಗಳನ್ನು ತೆರೆಯುತ್ತದೆ, ಪುಟದ ಅಂದ ಕೆಡಬಹುದು. ಅಂದ ಹೋಗಲಿ, ಮಾತು ಉಳಿದರೆ ಸಾಕು.

ತೆರೆಯಲೇಬಾರದ ಫೈಲಿನ ಬಗ್ಗೆಯೂ ಒಂದು ಮಾತು ಹೇಳದೆ ಇಳಿದರೆ ತಪ್ಪಾಗುತ್ತದೆ. ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಎಂದು ಒಂದು ಫೈಲು ಬರುತ್ತದೆ. ಚೀಟಿ ನೋಡಿ. ಕರೆಯೋಲೆ ಎಂದರೆ ಫೋಟೋ ಇರಬೇಕು, ಇಲ್ಲವೇ ಪಿಡಿಎಫ್, ಇಲ್ಲವೇ ವೀಡಿಯೊ. ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಕರೆಯೋಲೆಯಲ್ಲ, ಫೋನಿನೊಳಗೆ ಕೂರಲು ಬಂದ ಆ್ಯಪ್. ಕೂತ ಮೇಲೆ ನಿಮ್ಮ ಎಸ್ಸೆಮ್ಮೆಸ್, ಅದರಲ್ಲಿ ಬರುವ ಬ್ಯಾಂಕಿನ ಓಟಿಪಿ ಎಲ್ಲ ಓದಬಲ್ಲದು. ಪೊಲೀಸರು ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಕಂಪ್ಯೂಟರಿನಲ್ಲಾದರೆ ಇಎಕ್ಸ್‌ಇ ಎಂದು ಮುಗಿಯುವ 'ಫೋಟೋ'. ಗುರುತಿನವರ ನಂಬರಿನಿಂದ ಬಂದರೂ ಮೊದಲು ಅವರಿಗೆ ಫೋನ್ ಮಾಡಿ ಕೇಳಿ. ಇಂಥ ಫೈಲು ತೆರೆಯಲಿಲ್ಲ ಎಂದರೆ ಸರಿಮಾಡಲು ಹೋಗಬೇಡಿ, ದೇವರು ದೊಡ್ಡವನು ಎಂದು ಅಳಿಸಿಬಿಡಿ. ಹಣ ಹೋಗಿದೆ ಎಂದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮಕ್ಕಳನ್ನು ಕೇಳಿದರೆ ಆಗದೇ ಎನ್ನುತ್ತೀರಿ. ಕೇಳಿ. ಆದರೆ ಅವರು ನಮ್ಮ ಕೈಯಿಂದ ಮೌಸ್ ಕಿತ್ತುಕೊಂಡು ಟಕಟಕ ಒತ್ತಿ 'ಆಯ್ತಲ್ಲ' ಎಂದು ಹೋಗುತ್ತಾರೆ. ಏನು ಮಾಡಿದರು ಎಂದು ಹೇಳುವುದಿಲ್ಲ. ಇನ್ನೊಂದು ಮಾತು, ಇಲ್ಲಿ ಹುಟ್ಟಿ ಬೆಳೆದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರಿಗೆ ಕನ್ನಡವೂ ಒಂದೇ, ಆ ಗೆರೆ ಚುಕ್ಕೆಯ ಕಸವೂ ಒಂದೇ. ಓದಬಲ್ಲ ನಾನೇ ಅಳಿಸಿದ್ದೇನೆ, ಅವರು ಉಳಿಸಿಯಾರೆಂದು ಹೇಗೆ ಹೇಳಲಿ? ಈ ಕೆಲಸ ನಮ್ಮ ತಲೆಮಾರಿನದೇ.

ನನ್ನ ಮಗಳಿಗೂ ಕನ್ನಡ ಓದಲು ಬರುವುದಿಲ್ಲ. ಹಾಡುಗಳು ಯುನಿಕೋಡಿಗೆ ಬಂದ ಮೇಲೆ ಒಂದು ಅನುಕೂಲವಾಯಿತು. ಕನ್ನಡ ಅಕ್ಷರವನ್ನು ದೇವನಾಗರಿಗೆ ತಿರುಗಿಸುವ ಉಚಿತ ಸಾಧನಗಳಿವೆ, ಅದರಲ್ಲಿ ಹಾಕಿ ಮುದ್ರಿಸಿ ಕೊಟ್ಟೆ. ಮರಾಠಿ ಬರೆಯುವ ಲಿಪಿಯಲ್ಲಿ ನಮ್ಮ ಎ, ಏ ಎಂಬ ಭೇದ ಕಾಣುವುದಿಲ್ಲ, ಒ, ಓ ಭೇದವೂ ಇಲ್ಲ. ಹಾಗಾಗಿ ಅವಳೂ ಅವಳ ಗೆಳತಿಯರೂ ಹ್ರಸ್ವವೆಲ್ಲ ದೀರ್ಘ ಎಳೆದು ಹಾಡಿದರು. ಊರಿನಿಂದ ಬಂದಿದ್ದ ಚಿಕ್ಕತ್ತೆ ಹಸೆಯ ಪಕ್ಕದಲ್ಲೇ ಕೂತು ತಿದ್ದಿದರು. ಎರಡನೆಯ ಹಾಡಿಗೆ ಸರಿಹೋಯಿತು.

ಕೊನೆಯದಾಗಿ, ನೆನಪಿಡಲು ನಾಲ್ಕು ಮಾತು. ಮೊದಲು ನಕಲು ಮಾಡಿ, ಆಮೇಲೆ ಪ್ರಯತ್ನ. ಚೀಟಿ ನೋಡಿ, ಚೀಟಿಯನ್ನು ಸುಮ್ಮನೆ ಬದಲಿಸಬೇಡಿ. ಅರ್ಥವಾಗದ ಅಕ್ಷರ ಕಂಡರೆ ಅಳಿಸಬೇಡಿ, 'ಸೇವ್ ಮಾಡಲೇ' ಎಂದು ಕೇಳಿದರೆ ಬೇಡ ಎನ್ನಿ. ಗೊತ್ತಿರುವವರ ಎದುರು ಒಮ್ಮೆ ಗಟ್ಟಿಯಾಗಿ ಓದಿ.

ಮುಂದಿನ ತಿಂಗಳ ಕೂಟಕ್ಕೆ ಸಿ.ಡಿ. ಡ್ರೈವ್ ಇರುವ ಒಂದು ಲ್ಯಾಪ್‌ಟಾಪ್ ತರುತ್ತೇನೆ. ನಿಮ್ಮ ಕಪಾಟಿನಲ್ಲಿರುವ ಹಳೆಯ ಸಿ.ಡಿ., ಪೆನ್‌ಡ್ರೈವ್ ತನ್ನಿ. ಯಾರದೋ ಅಡುಗೆಯ ಟಿಪ್ಪಣಿ ಇರಬಹುದು, ಯಾರದೋ ತಂದೆಯ ಆತ್ಮಕಥೆ ಇರಬಹುದು. ಎಲ್ಲರೂ ಸೇರಿ ಕೂತು ತೆರೆಯೋಣ. ಹಾಗೆಯೇ ಕುಂದಾಪುರ ಕಡೆಯವರು ಯಾರಾದರೂ ಇದ್ದರೆ ಚಹಾ ಹೊತ್ತಿಗೆ ದಯವಿಟ್ಟು ನನ್ನನ್ನು ಕಾಣಿ. ಚಿಕ್ಕತ್ತೆ ಅರ್ಧಕ್ಕೆ ನಿಲ್ಲಿಸಿದ ಆ ಹಾಡಿನ ಮೊದಲರ್ಧ ಹಾಡುತ್ತೇನೆ. ಉಳಿದದ್ದು ನಿಮಗೆ ಗೊತ್ತಿರಬಹುದು.